ಕಡಲಿಗೆ ಬೀಗ ಹಾಕಿದವನು

ಆತ ಸತ್ತ ಸುದ್ದಿ ಬಂದಾಗ ನಾನು ಕೆ.ಆರ್. ಪುರದ ಮಾರುಕಟ್ಟೆಯಲ್ಲಿ ಸೊಪ್ಪು ಆರಿಸುತ್ತಿದ್ದೆ. ಹೊಸ ತಿಪ್ಪಸಂದ್ರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವಳು ಫೋನ್ ಮಾಡಿದ್ದಳು. "ಓನರ್ ಹೋಗ್ಬಿಟ್ರು ಕಣ್ರೀ. ವಾಕಿಂಗ್ ಮುಗಿಸ್ಕೊಂಡು ಬಂದು ಕುರ್ಚಿ ಮೇಲೆ ಕೂತೋರು ಏಳ್ಲೇ ಇಲ್ಲ" ಅಂದಳು. ನಾನು "ಹೌದಾ" ಅಂದೆ. ಫೋನ್ ಇಟ್ಟು, ದಂಟು ಬೇಡ, ಮೆಂತ್ಯ ಕೊಡಿ ಎಂದು ಸೊಪ್ಪಿನವಳಿಗೆ ಹೇಳಿದೆ.

ಇದನ್ನು ಓದಿದರೆ ನನ್ನ ಗಂಡ, "ಹೋದವರ ಬಗ್ಗೆ ಹೀಗೆಲ್ಲ ಬರೀಬಾರ್ದು" ಎನ್ನುತ್ತಾರೆ. ಅವರು ಒಳ್ಳೆಯವರು. ನಾನು ಅಷ್ಟು ಒಳ್ಳೆಯವಳಲ್ಲ. ಬದುಕಿದ್ದಾಗ ಆತನಿಗೆ ಎದುರಿಗೆ ಬಹುವಚನ ಕೊಟ್ಟದ್ದು ಸಾಕು. ಇಲ್ಲಿ ಏಕವಚನವೇ ಇರಲಿ.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ತಾಗಿದ ಅಡ್ಡರಸ್ತೆಯಲ್ಲಿ ಆತನ ಕಟ್ಟಡವಿತ್ತು. ಕೆಳಗೆ ಆತ ಮತ್ತು ಹೆಂಡತಿ, ಮೇಲೆ ನಾವು ಬಾಡಿಗೆದಾರರು. ನನ್ನ ಗಂಡನಿಗೆ ಶಿವಾಜಿನಗರದಲ್ಲಿ ಸಣ್ಣದೊಂದು ಕನ್ನಡಕದ ಅಂಗಡಿ, ನನಗೆ ಹಲಸೂರಿನ ಶಾಲೆಯೊಂದರಲ್ಲಿ ಪಾಠ. ಕಟ್ಟಡದ ಮಾಲೀಕನಾದ ಆತನ ಅಪ್ಪ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಊರು ಬೆಳೆದು ಹೊಲವೆಲ್ಲ ರಸ್ತೆ, ಸೈಟು ಆಗಿಹೋದ ಮೇಲೆ ಮಗನ ಪಾಲಿಗೆ ಉಳಿದದ್ದು ಈ ಕಟ್ಟಡ ಮತ್ತು ಬಾಡಿಗೆ. ಬಿಳಿ ಅರ್ಧ ತೋಳಿನ ಶರಟು, ಕೈಗೆ ದಪ್ಪ ಕಡಗ, ಸೊಂಟದಲ್ಲಿ ಕೀ ಗೊಂಚಲು. ಮೆಟ್ಟಿಲ ಮೇಲೆ ಆ ಗೊಂಚಲಿನ ಸದ್ದು ಕೇಳಿದರೆ ಸಾಕು, ಮೇಲಿನ ಮನೆಗಳಲ್ಲಿ ಟಿ.ವಿ.ಯ ದನಿ ತಗ್ಗುತ್ತಿತ್ತು. ಓಣಿಯಲ್ಲಿ ಯಾರೂ ಆತನ ಹೆಸರು ಹೇಳುತ್ತಿರಲಿಲ್ಲ. ಎಲ್ಲರಿಗೂ ಓನರ್.

ಇಂಥ ಮನುಷ್ಯ ಎಲ್ಲಿಂದಲೋ ಸಮುದ್ರದ ಹುಚ್ಚು ಹಿಡಿಸಿಕೊಂಡ. ಕುಂದಾಪುರ ದಾಟಿ ಒಂದಷ್ಟು ದೂರ ಹೋದರೆ ಸಿಗುವ ಹಳ್ಳಿಯಲ್ಲಿ ತೆಂಗಿನ ತೋಪು, ಬಾವಿ, ಹಂಚಿನ ಮನೆ ಇರುವ ಜಾಗವೊಂದನ್ನು ಕೊಂಡ. ತೋಪಿನ ಕೊನೆಗೆ ಮರಳು, ಮರಳಿನ ಕೊನೆಗೆ ಕಡಲು. ಕೊಂಡ ಮೇಲೆ ಒಬ್ಬನೇ ಹೋಗಿ ಸುಖಪಟ್ಟಿದ್ದರೆ ನನಗೇನೂ ತಕರಾರಿರಲಿಲ್ಲ. ಆತನಿಗೆ ನೋಡುವವರು ಬೇಕಿತ್ತು. ವರ್ಷಕ್ಕೆ ನಾಲ್ಕು ಸಲ, ಕಾಲಕ್ಕೊಂದರಂತೆ, ಟೆಂಪೋ ಟ್ರಾವೆಲರ್ ಮಾಡಿಸಿ ಬಾಡಿಗೆದಾರರನ್ನೆಲ್ಲ ತುಂಬಿಕೊಂಡು ಹೊರಡುತ್ತಿದ್ದ. ಬರುವುದಿಲ್ಲ ಎಂದರೆ ಮುಖ ದಪ್ಪ ಮಾಡಿಕೊಳ್ಳುತ್ತಿದ್ದ. ಮರುದಿನ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಕೇಳಿದರೆ, "ಮೋಟ್ರು ಕೆಟ್ಟಿದೆ ಮೇಡಂ, ನಾನೇನ್ ಮಾಡ್ಲಿ" ಎನ್ನುತ್ತಿದ್ದ.

ನಾನು ಹಲಸೂರಿನಲ್ಲಿ ಹುಟ್ಟಿ ಬೆಳೆದವಳು. ಅಲ್ಲಿನ ಕೆರೆಯನ್ನು ಬಿಟ್ಟರೆ ಬೇರೆ ನೀರು ಕಂಡಿರಲಿಲ್ಲ. ಮೊದಲ ಸಲ ಹೋದದ್ದು ದೀಪಾವಳಿ ಮುಗಿದ ಮೇಲೆ. ತೋಪಿನ ನಡುವೆ ನಡೆದು ಹೋದವಳಿಗೆ ಎದುರಿಗೆ ಸಮುದ್ರ ತೆರೆದುಕೊಂಡಾಗ ಕಾಲು ನಿಂತುಹೋಯಿತು. ಕೂಗಬೇಕೋ ಸುಮ್ಮನಿರಬೇಕೋ ತಿಳಿಯಲಿಲ್ಲ. ಹಿಂದಿನಿಂದ ಆತನ ದನಿ ಬಂತು.

"ಅಲ್ಲಲ್ಲ ಮೇಡಂ, ಇಲ್ಲಿ ಬನ್ನಿ. ವ್ಯೂ ಇಲ್ಲಿಂದ. ಎಲ್ರೂ ಲೈನಾಗಿ ಕೂತ್ಕೊಳ್ಳಿ. ಈಗ ಸನ್‌ಸೆಟ್ ಆಗುತ್ತೆ. ಯಾರೂ ಮಾತಾಡ್ಬೇಡಿ, ಎಂಜಾಯ್ ಮಾಡಿ."

ನಾವು ಸಾಲಾಗಿ ಕೂತೆವು. ಮಾತಾಡಬೇಡಿ ಎಂದವನು ಸೂರ್ಯ ಮುಳುಗುವ ತನಕ ಒಬ್ಬನೇ ಮಾತಾಡಿದ. ಪ್ಲಾಟು ಹೇಗೆ ಸಿಕ್ಕಿತು, ಎಷ್ಟು ಜನ ಕೇಳಿದ್ದರು, ಯಾರಿಗೂ ಸಿಗದ್ದು ತನಗೆ ಹೇಗೆ ಸಿಕ್ಕಿತು. ನಮ್ಮತ್ತೆ ಮರಳಿನಲ್ಲಿ ಓಡಾಡುವ ಸಣ್ಣ ಏಡಿಗಳನ್ನು ನೋಡುತ್ತ ಸೂರ್ಯನಿಗೆ ಬೆನ್ನು ಹಾಕಿದ್ದರು. ಆತ ಎದ್ದು ಬಂದು ಅವರ ಭುಜ ಹಿಡಿದು ಈ ಕಡೆ ತಿರುಗಿಸಿ ಕೂರಿಸಿದ. "ಅಜ್ಜಿ, ಇಷ್ಟ್ ದೂರ ಕರ್ಕೊಂಡ್ ಬಂದಿರೋದು ಏಡಿ ನೋಡಕ್ಕಲ್ಲ." ಅತ್ತೆ ತಿರುಗಿ ಕೂತರು. ಆಮೇಲೆ ನನ್ನ ಕಿವಿಯಲ್ಲಿ, "ಇವನ ಮುಖ ನೋಡೋದಕ್ಕಿಂತ ಏಡಿ ವಾಸಿ" ಅಂದರು.

ಆ ಜಾಗ ಚೆನ್ನಾಗಿತ್ತು. ಅದೇ ನನ್ನ ಸಂಕಟ. ಚಳಿಗಾಲದ ಬೆಳಿಗ್ಗೆ ಮರಳು ಪಾದಕ್ಕೆ ತಣ್ಣಗೆ ತಾಗುತ್ತಿತ್ತು. ಕೊಯ್ದ ಗದ್ದೆಗಳಲ್ಲಿ ಉದ್ದು, ನೆಲಗಡಲೆ ಹಾಕುತ್ತಿದ್ದರು, ಕಲ್ಲಂಗಡಿಯ ಬಳ್ಳಿ ಹಬ್ಬುತ್ತಿತ್ತು. ಬೇಸಿಗೆಯಲ್ಲಿ ಹೋದರೆ ಗೇರುಹಣ್ಣಿನ ಘಾಟು ವಾಸನೆ, ಕಾಡುಮಾವಿನ ಹುಳಿ, ಮೈಗೆ ಅಂಟುವ ಸೆಕೆ. ಹೊತ್ತು ಇಳಿದ ಮೇಲೆ ಕಡಲ ಕಡೆಯಿಂದ ಗಾಳಿ ಬಂದರೆ ಜಗಲಿಯ ಮೇಲೆ ಕೂತ ಜೀವಕ್ಕೆ ಬೇರೇನೂ ಬೇಡವೆನಿಸುತ್ತಿತ್ತು. ಮಳೆ ಬಿಟ್ಟ ಮೇಲಿನ ದಿನಗಳಲ್ಲಿ ಗದ್ದೆಯೆಲ್ಲ ಹಸಿರು, ಕೆಂಪಾಗಿದ್ದ ನೀರು ದಿನಕ್ಕಿಷ್ಟಿಷ್ಟೇ ನೀಲಿಗೆ ತಿರುಗುವುದು. ಇವನ್ನೆಲ್ಲ ನಾನು ನೋಡಿದ್ದು ಆತನ ಕಣ್ಣು ತಪ್ಪಿಸಿ, ಕದ್ದು. ಎದುರಿಗೆ ಸಿಕ್ಕಿದರೆ ಏನು ನೋಡಬೇಕು ಎಂದು ಹೇಳಿಬಿಡುತ್ತಿದ್ದ. ಹೇಳಿಸಿಕೊಂಡದ್ದು ಆಮೇಲೆ ಚೆನ್ನಾಗಿ ಕಾಣುತ್ತಿರಲಿಲ್ಲ.

ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಪ್ರತಿಸಲವೂ ಬರುತ್ತಿದ್ದರು. ಇಳಿದವರು ನೇರ ಹಿಂಭಾಗದ ಅಡುಗೆಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಸಾರು, ಸಂಜೆ ಬೋಂಡ. ಸಮುದ್ರದ ದಂಡೆಗೆ ಬಂದರೂ ಆತನಿಗೆ ತಿಪ್ಪಸಂದ್ರದ ಊಟವೇ ಆಗಬೇಕು. ನಾವು ಹೆಂಗಸರು ಕೈಹಾಕಲು ಹೋದರೆ, "ಗೆಸ್ಟುಗಳು ನೀವು, ಹೋಗಿ ಎಂಜಾಯ್ ಮಾಡಿ" ಎಂದು ಆತ ಗದರಿ ಓಡಿಸುತ್ತಿದ್ದ. ಒಂದು ಬೇಸಿಗೆಯಲ್ಲಿ ಹಲಸಿನ ತೊಳೆ ಬಿಡಿಸುತ್ತಿದ್ದ ಅಕ್ಕನನ್ನು ನಾನು ಕೇಳಿದೆ.

"ಅಕ್ಕ, ನೀವು ಒಂದ್ಸಲನಾದ್ರೂ ನೀರಿನ ಹತ್ರ ಹೋಗಿದೀರಾ?"

"ಸದ್ದು ಕೇಳ್ಸುತ್ತಲ್ಲ" ಅಂದರು ಅಕ್ಕ. ಕೈಗೆ ಎಣ್ಣೆ ಸವರಿಕೊಂಡು ಮತ್ತೊಂದು ತೊಳೆ ಬಿಡಿಸಿದರು.

ಆ ತೋಪಿನ ಪಕ್ಕದಲ್ಲಿ ಮೀನುಗಾರರ ಕೇರಿ. ಕೇರಿಯವರು ದಂಡೆಗೆ ಬರುತ್ತಿದ್ದ ದಾರಿ ಹಿಂದಿನಿಂದಲೂ ಆ ತೋಪಿನ ಒಳಗೇ ಇತ್ತು. ಹೆಂಗಸರು ಬುಟ್ಟಿ ಹೊತ್ತು ಅಲ್ಲೇ ಹಾಯುತ್ತಿದ್ದರು, ಮನೆಯ ಮುಂದಿನ ಮರಳಿನಲ್ಲಿ ಮೀನು ಒಣಗಿಸುತ್ತಿದ್ದರು. ಮೊದಮೊದಲು ಆತ ಅವರನ್ನೂ ನಮಗೆ ತೋರಿಸಿದ, "ನೋಡಿ, ಒರಿಜಿನಲ್ ವಿಲೇಜ್ ಲೈಫು" ಎಂದು. ಒಂದೆರಡು ವರ್ಷ ಆದ ಮೇಲೆ ಒಣಮೀನಿನ ವಾಸನೆ ಮೂಗಿಗೆ ಹತ್ತಿತು. ಫೋಟೋದಲ್ಲಿ ಮೀನು ಬರುತ್ತೆ, ವ್ಯೂ ಕೆಡುತ್ತೆ ಎಂದು ಶುರುಮಾಡಿದ. ಮುಂದಿನ ಸಲ ಹೋದಾಗ ತೋಪಿನ ಸುತ್ತ ಎತ್ತರದ ಮುಳ್ಳುತಂತಿ ಬೇಲಿ ಬಂದಿತ್ತು. ಕೇರಿಯ ಕಡೆ ಒಂದು ಕಬ್ಬಿಣದ ಗೇಟು, ಗೇಟಿಗೆ ಬೀಗ.

ವಯಸ್ಸಾದ ಮೀನುಗಾರ್ತಿಯೊಬ್ಬರು ಬುಟ್ಟಿ ಕೆಳಗಿಟ್ಟು ಗೇಟಿನ ಆಚೆ ನಿಂತು ಕೇಳಿದರು. "ಹ್ವಾಯ್, ನಾವ್ ಕಡ್ಲಿಗೆ ಹೋಪ್ದ್ ಹ್ಯಾಂಗೆ?"

"ಆ ಕಡೆ ಹಳ್ಳದ ಪಕ್ಕ ದಾರಿ ಇದ್ಯಲ್ಲಮ್ಮ, ಸುತ್ಕೊಂಡು ಹೋಗಿ."

"ಮಳಿಗಾಲ್ದಗೆ ಹಳ್ಳ ತುಂಬತ್ತ್."

"ಮಳೆಗಾಲದಲ್ಲಿ ನಿಮ್ಗೆ ರಜಾ ಅಲ್ವಾ?" ಎಂದು ನಕ್ಕ. ನಮ್ಮನ್ನೂ ನಗಿಸಲು ನೋಡಿದ. ಯಾರೂ ನಗಲಿಲ್ಲ.

ಆ ಸಂಜೆ ಜಗಲಿಯಲ್ಲಿ ಕೂತಿದ್ದಾಗ ಆತ, ಯಾರೂ ಕೇಳದಿದ್ದರೂ, ಒಂದು ಮಾತು ಹೇಳಿದ. "ನಮ್ಮಪ್ಪ ಹೊಲಕ್ಕೆ ಬೇಲಿ ಹಾಕ್ಲಿಲ್ಲ ಮೇಡಂ. ಎಲ್ರೂ ನಮ್ಮೋರೇ ಅಂದ. ನೋಡ್ತಾ ನೋಡ್ತಾ ಮೊದ್ಲು ಕಾಲುದಾರಿ ಆಯ್ತು, ಆಮೇಲೆ ಗಾಡಿದಾರಿ ಆಯ್ತು, ಆಮೇಲೆ ಹೊಲಾನೇ ಇರ್ಲಿಲ್ಲ. ಇದನ್ನ ಹೋಗಕ್ ಬಿಡಲ್ಲ ನಾನು." ಹೇಳುವಾಗ ದನಿ ಸಣ್ಣಗಾಗಿತ್ತು. ಆ ನೋವು ಸುಳ್ಳಲ್ಲ ಎಂದು ನನಗೆ ಗೊತ್ತಾಯಿತು. ಅಪ್ಪನ ಹೊಲ ತಿಂದವರನ್ನು ಏನೂ ಮಾಡಲಾಗದವನು ಮೀನು ಮಾರುವ ಮುದುಕಿಯ ದಾರಿ ಕಿತ್ತುಕೊಂಡ. ನೋವು ಗೊತ್ತಿದ್ದೂ ಹಾಗೆ ಮಾಡಿದವನನ್ನು ನಾನು ಇನ್ನೂ ಹೆಚ್ಚು ದ್ವೇಷಿಸಿದೆ.

ಆ ವರ್ಷದ ಮಳೆಗಾಲದಲ್ಲಿ ನಡೆದದ್ದನ್ನು ಹೇಳದೆ ಆತನ ಚಿತ್ರ ಪೂರ್ತಿಯಾಗುವುದಿಲ್ಲ.

ಮಳೆಗಾಲದಲ್ಲಿ ಕರಾವಳಿಯವರೇ ಕಡಲಿಗೆ ಇಳಿಯುವುದಿಲ್ಲ. ದೋಣಿಗಳನ್ನು ಮೇಲಕ್ಕೆಳೆದು ತೆಂಗಿನಗರಿ ಹೊದಿಸಿಬಿಡುತ್ತಾರೆ. ಕೆಂಪು ನೀರು, ಕೊಳೆ ನೊರೆ, ತೋಪಿನ ಈಚೆಗೂ ನೆಲ ನಡುಗಿಸುವ ಮೊರೆತ. "ಅಸ್ಲಿ ಸಮುದ್ರ ಅಂದ್ರೆ ಇದು. ಬೇಸಿಗೇಲಿ ಯಾರ್ ಬೇಕಾದ್ರೂ ನೋಡ್ತಾರೆ" ಎಂದು ಆತ ನಮ್ಮನ್ನು ಮಧ್ಯಾಹ್ನ ದಂಡೆಗೆ ಕರೆದೊಯ್ದ. ಮಳೆ ಸ್ವಲ್ಪ ಬಿಟ್ಟಿತ್ತು. ಎಲ್ಲರೂ ಅಲೆಯಲ್ಲಿ ನಿಂತಿರುವ ಫೋಟೋ ಆತನಿಗೆ ಬೇಕಿತ್ತು, ವಾಟ್ಸಾಪ್ ಸ್ಟೇಟಸ್ಸಿಗೆ.

ಯಾರೂ ಇಳಿಯಲಿಲ್ಲ. ಬೇಲಿಯ ಆಚೆ ಚಪ್ಪರದ ಕೆಳಗೆ ಬಲೆ ಹೊಲಿಯುತ್ತಿದ್ದ ಗಂಡಸೊಬ್ಬ ಎದ್ದು ನಿಂತು ಕೂಗಿದ. "ಹ್ವಾಯ್, ಇಳೂದ್ ಬ್ಯಾಡ! ಸೆಳೆತ ಇತ್ತ್!"

ಆತನಿಗೆ ಅದು ಅವಮಾನವಾಯಿತೋ ಏನೋ. "ನನ್ ಜಾಗದಲ್ಲಿ ನಂಗೇ ಹೇಳ್ತಾನೆ" ಎಂದವನೇ ನನ್ನ ಗಂಡನ ಕೈ ಹಿಡಿದ. "ಬನ್ನಿ ಸಾರ್. ಕನ್ನಡಕದ ಅಂಗಡಿ ಇಟ್ಕೊಂಡು ನಿಮ್ಗೇ ಸಮುದ್ರ ಕಾಣಲ್ಲ ಅಂದ್ರೆ ಹೆಂಗೆ? ಮಂಡಿ ಮಟ್ಟ ಅಷ್ಟೇ."

ನಾನು ಬೇಡ ಅಂದೆ. ನನ್ನ ಗಂಡ ಯಾರಿಗೂ ಇಲ್ಲವೆನ್ನಲಾರದ ಮನುಷ್ಯ. ಪ್ಯಾಂಟು ಮಡಿಚಿಕೊಂಡು ಮಂಡಿಯುದ್ದ ನೀರಿಗೆ ಹೋಗಿ ನಮ್ಮ ಕಡೆ ತಿರುಗಿ ನಿಂತರು. ಆತ ಕೈ ಬಿಟ್ಟು ಹಿಂದಕ್ಕೆ ಬಂದು ಫೋನ್ ಎತ್ತಿಕೊಂಡ. "ಸ್ಮೈಲ್ ಸಾರ್" ಅಂದ. ನನ್ನ ಗಂಡ ನಕ್ಕರು. ಹಿಂದಿನಿಂದ ಬಂದ ಅಲೆ ಅವರನ್ನು ಮಗುಚಿ ಹಾಕಿತು. ಎದ್ದು ನಿಲ್ಲುತ್ತಾರೆ ಎಂದುಕೊಂಡೆ. ಕಾಲಡಿಯ ಮರಳೆಲ್ಲ ಒಳಕ್ಕೆ ಸರಿಯಿತು, ಅದರ ಜೊತೆ ಅವರೂ ಸರಿದರು. ಮುಂದಿನ ಅಲೆಯಲ್ಲಿ ಒಂದು ಕೈ ಕಂಡಿತು. ಅವರಿಗೆ ಈಜು ಬಾರದು.

ಆತ ಕಿರುಚಿದ, "ಈಜ್ರೀ! ಸಾರ್, ಈಜ್ರೀ!" ಕಿರುಚುತ್ತ ಕಿರುಚುತ್ತ ಹಿಂದೆ ಹಿಂದೆ ಹೋದ. ನಾನು ನೀರಿಗೆ ಓಡಿದೆ. ನಮ್ಮ ಮೇಲಿನ ಮನೆಯ ಹುಡುಗಿ ನನ್ನ ಸೊಂಟ ಹಿಡಿದುಕೊಂಡು ಮರಳಿನ ಮೇಲೆ ಬಿದ್ದಳು.

ಕೇರಿಯ ಗಂಡಸರು ಅಷ್ಟರಲ್ಲಿ ಬಲೆ ಎಳೆಯುವ ದಪ್ಪ ಹಗ್ಗ ಹೊತ್ತು ಗೇಟಿಗೆ ಬಂದಿದ್ದರು. ಹಳ್ಳ ತುಂಬಿತ್ತು, ಸುತ್ತಿ ಬರಲು ದಾರಿ ಇರಲಿಲ್ಲ. ಗೇಟು ಹಿಡಿದು ಅಲ್ಲಾಡಿಸುತ್ತ "ಕೀ, ಕೀ" ಎಂದು ಕೂಗುತ್ತಿದ್ದರು. ಕೀ ಆತನ ಸೊಂಟದಲ್ಲಿತ್ತು. ಆತ ಅಲ್ಲಾಡಲಿಲ್ಲ. ಹೆದರಿ ಮರಗಟ್ಟಿದ್ದ ಎಂದು ಆಮೇಲೆ ಕೆಲವರು ಹೇಳಿದರು. ಇರಬಹುದು.

ಅಡುಗೆಮನೆ ಗೇಟಿಗೆ ಹತ್ತಿರ. ಸದ್ದಿಗೆ ಅಕ್ಕ ಹೊರಗೆ ಬಂದರು. ಕೈಯೆಲ್ಲ ಕಡಲೆಹಿಟ್ಟು. ಒಮ್ಮೆ ನೀರಿನ ಕಡೆ ನೋಡಿದರು, ಒಮ್ಮೆ ಗಂಡನ ಕಡೆ. ನಾನು ಅಲ್ಲಿಯವರೆಗೆ ಅವರ ದನಿ ಏರಿದ್ದನ್ನು ಕೇಳಿರಲಿಲ್ಲ.

"ಮುರೀರಿ! ನಾನ್ ಹೇಳ್ತಿದೀನಿ, ಮುರೀರಿ ಅದನ್ನ!"

ದೋಣಿಗೆ ಅಡಿಯಿಡುವ ಮರದ ದಿಮ್ಮಿಯಿಂದ ಹೊಡೆದರು. ಗೇಟು ಕಂಬದ ಸಮೇತ ಒಳಕ್ಕೆ ಬಿತ್ತು. ಒಬ್ಬ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಹಾರಿದ, ಉಳಿದವರು ದಂಡೆಯಲ್ಲಿ ಹಗ್ಗ ಹಿಡಿದರು. ನನ್ನ ಗಂಡನನ್ನು ತಂದು ಮರಳಿನ ಮೇಲೆ ಮಲಗಿಸಿ ಬೆನ್ನು ಒತ್ತಿದರು. ನೀರು ಕಕ್ಕಿದರು. ಉಸಿರಾಡಿದರು. ಕನ್ನಡಕ ಹೋಗಿತ್ತು, ಭುಜದ ಕೀಲು ತಪ್ಪಿ ಒಂದು ತೋಳು ಜೋತಾಡುತ್ತಿತ್ತು. ನನ್ನ ಮುಖ ಹುಡುಕುತ್ತ, "ಇಲ್ಲೇ ಇದೀಯಾ?" ಅಂದರು.

ಆಗ ಆತ ಬಂದ. ಬಂದವನು ನನ್ನ ಗಂಡನ ಮುಖ ನೋಡಲಿಲ್ಲ. ಆತನ ಬಾಯಿಂದ ಬಂದ ಮೊದಲ ಮಾತು ಇದು: "ಗೇಟ್ ಯಾರ್ ಮುರ್ದಿದ್ದು?"

ಹಗ್ಗ ಸುತ್ತುತ್ತಿದ್ದವರ ಕೈ ನಿಂತಿತು.

"ನಾನು" ಅಂದರು ಅಕ್ಕ.

ಬೆಂಗಳೂರಿಗೆ ವಾಪಸಾಗುವ ದಾರಿಯುದ್ದಕ್ಕೂ ಆತ ಹೆಂಡತಿಯ ಜೊತೆ ಮಾತಾಡಲಿಲ್ಲ. ನನ್ನ ಗಂಡನ ತೋಳು ಸರಿಹೋಗಲು ಬಹಳ ಕಾಲ ಹಿಡಿಯಿತು. ಇವತ್ತಿಗೂ ಮೇಲಿನ ಕಪಾಟಿನ ಡಬ್ಬಿ ತೆಗೆಯಬೇಕಾದರೆ ನನ್ನನ್ನು ಕರೆಯುತ್ತಾರೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆತ ಸುಮ್ಮನಿರಲಿಲ್ಲ. ತಿಪ್ಪಸಂದ್ರದಲ್ಲಿ ಕಥೆ ಬೇರೆಯಾಗಿ ಓಡಾಡತೊಡಗಿತು. ಹಾಲಿನ ಬೂತಿನಲ್ಲಿ, ತರಕಾರಿ ಅಂಗಡಿಯಲ್ಲಿ, ಸಿಕ್ಕವರೆಲ್ಲ "ಓನರ್ ಇಲ್ದಿದ್ರೆ ನಿಮ್ಮೆಜಮಾನ್ರು ಉಳೀತಿರ್ಲಿಲ್ಲವಂತೆ" ಎಂದು ಕನಿಕರ ತೋರಿಸುತ್ತಿದ್ದರು. ಗಣೇಶನ ಹಬ್ಬಕ್ಕೆ ನಮ್ಮ ಅಡ್ಡರಸ್ತೆಯಲ್ಲಿ ಪೆಂಡಾಲ್ ಹಾಕಿದ್ದರು. ಸಂಜೆ ಮಂಗಳಾರತಿಯಾದ ಮೇಲೆ ಆತ ಜನರ ನಡುವೆ ಕುರ್ಚಿ ಹಾಕಿಕೊಂಡು ಅದೇ ಕಥೆ ಶುರುಮಾಡಿದ. ತಾನೇ ಹಗ್ಗ ಕಟ್ಟಿಕೊಂಡು ಇಳಿದದ್ದು, ತಾನೇ ಎಳೆದು ತಂದದ್ದು. ನನ್ನ ಕಡೆ ಕೈ ತೋರಿಸಿ, "ಈಯಮ್ಮನ ತಾಳಿ ಉಳ್ಸಿದ್ದು ಈ ಕೈ" ಅಂದ.

ಪ್ರಸಾದದ ದೊನ್ನೆ ಕೆಳಗಿಟ್ಟು ನಾನು ಎದ್ದು ನಿಂತೆ.

"ಸುಳ್ಳು. ನೀರಿಗೆ ಇಳ್ಸಿದ್ದು ಈ ಕೈ. ನನ್ ಗಂಡ ಮುಳುಗ್ತಿದ್ದಾಗ ಇವರು ಫೋನ್ ಹಿಡ್ಕೊಂಡು ಹಿಂದೆ ಹಿಂದೆ ಹೋದ್ರು. ಉಳ್ಸಿದ್ದು ಆ ಕೇರಿಯವರು. ಅವರಿಗೆ ಗೇಟ್ ಮುರೀರಿ ಅಂದಿದ್ದು ಅಕ್ಕ."

ಆತ ನಕ್ಕ. "ಶಾಕಲ್ಲಿದಾರೆ ಪಾಪ" ಅಂದ. ಆತನ ಜೊತೆ ಯಾರೂ ನಗಲಿಲ್ಲ. ಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಗೊಂಚಲಿನ ಸದ್ದು. "ಮೇಡಂ, ಮಗಳು ಇಲ್ಲಿಗೇ ಬರ್ತಾಳಂತೆ. ಮನೆ ಬೇಕಾಗಿತ್ತು." ಮಗಳು ಮಾರತ್ತಹಳ್ಳಿಯಲ್ಲಿ ಸ್ವಂತ ಫ್ಲ್ಯಾಟಿನಲ್ಲಿದ್ದಳು, ಇವತ್ತಿಗೂ ಅಲ್ಲೇ ಇದ್ದಾಳೆ. ನಾವು ಕೆ.ಆರ್. ಪುರಕ್ಕೆ ಬಂದೆವು.

ಅಕ್ಕನಿಗೆ ಆತ ಕೊಟ್ಟ ಶಿಕ್ಷೆ ಬೇರೆ. ಆಮೇಲೆ ಯಾವತ್ತೂ ಅವರನ್ನು ಕಡಲ ಮನೆಗೆ ಕರೆದುಕೊಂಡು ಹೋಗಲಿಲ್ಲ. ಅಡುಗೆಯವನನ್ನು ಇಟ್ಟುಕೊಂಡು, ಹೊಸ ಬಾಡಿಗೆದಾರರನ್ನು ತುಂಬಿಕೊಂಡು ಹೋಗುತ್ತಿದ್ದ. ಅದಾದ ಮೊದಲ ಚಳಿಗಾಲ, ಒಂದು ಬೆಳಿಗ್ಗೆ ಅಕ್ಕ ಇಂದಿರಾನಗರದಲ್ಲಿ ಮೆಟ್ರೋ ಹತ್ತಿ ನಮ್ಮ ಮನೆ ಹುಡುಕಿಕೊಂಡು ಬಂದುಬಿಟ್ಟರು. ಬಾಗಿಲಲ್ಲಿ ನಿಂತು ನಗುತ್ತಿದ್ದರು.

"ಅವರು ಸಮುದ್ರಕ್ಕೋದ್ರು ಕಣೆ. ಈಗ ವರ್ಷಕ್ಕೆ ನಾಲ್ಕು ಸಲ ನಂಗೆ ರಜಾ."

ಅಂದಿನಿಂದ ಆತನ ನಾಲ್ಕು ಕಾಲಗಳು ನಮ್ಮ ನಾಲ್ಕು ಕಾಲಗಳೂ ಆದವು. ಚಳಿಯಲ್ಲಿ ಹಲಸೂರು ಕೆರೆಯ ದಂಡೆಯಲ್ಲಿ ಕೂತು ಕಡಲೆಕಾಯಿ ತಿಂದೆವು. ಬೇಸಿಗೆಯಲ್ಲಿ ಶಿವಾಜಿನಗರಕ್ಕೆ ಹೋಗಿ, ನನ್ನ ಗಂಡನ ಅಂಗಡಿಯ ಪಕ್ಕದ ಭಾಯಿಯ ಹತ್ತಿರ ಕಲ್ಲಂಗಡಿ ರಸ ಕುಡಿದೆವು. "ಆವೋ ಅಮ್ಮಾ, ಬೈಠೋ" ಎಂದು ಅವರು ಸ್ಟೂಲು ಒರೆಸಿ ಕೊಟ್ಟರೆ ಅಕ್ಕ ಮಹಾರಾಣಿಯ ಹಾಗೆ ಕೂರುತ್ತಿದ್ದರು. ಮಳೆಯಲ್ಲಿ ಎಲ್ಲೂ ಹೋಗದೆ ನಮ್ಮ ಮನೆಯ ಕಿಟಕಿಯ ಬಳಿ ಮಲಗಿ ನಿದ್ದೆ ಮಾಡುತ್ತಿದ್ದರು. ಮಳೆ ಬಿಟ್ಟ ಮೇಲೆ ಕೆ.ಆರ್. ಪುರದ ಮಾರುಕಟ್ಟೆಯಲ್ಲಿ, ಏನೂ ಕೊಳ್ಳದೆ, ಸುಮ್ಮನೆ ಸುತ್ತಾಡಿದೆವು. ಆತನ ಬಗ್ಗೆ ನಾವು ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ ನಾನೇ ಕೇಳಿದೆ, ಇಷ್ಟು ವರ್ಷ ಹೇಗೆ ಸಹಿಸಿದಿರಿ ಎಂದು. "ಸಹಿಸ್ಲಿಲ್ಲ, ಅಡುಗೆ ಮಾಡ್ದೆ" ಅಂದರು.

ಈಗ ಆತ ಹೋದ. ತಿಥಿಯ ದಿನ ಗಂಡ ಒತ್ತಾಯಿಸಿದರೆಂದು ನಾನೂ ಹೋದೆ. ಅಡ್ಡರಸ್ತೆಗೆ ಶಾಮಿಯಾನ ಹಾಕಿದ್ದರು. ರಸ್ತೆಯ ಬಾಯಿಯಲ್ಲಿ ಆಳೆತ್ತರದ ಫ್ಲೆಕ್ಸು, ಮತ್ತೆ ಹುಟ್ಟಿ ಬನ್ನಿ ಎಂಬ ಅಕ್ಷರ, ಆತನ ಮುಖದ ಹಿಂದೆ ಮುಳುಗುವ ಸೂರ್ಯ. ಊಟಕ್ಕೆ ಮುಂಚೆ ಅಳಿಯ ಮೈಕ್ ಹಿಡಿದುಕೊಂಡು ಒಬ್ಬೊಬ್ಬರನ್ನೇ ಕರೆದ. "ಎಷ್ಟ್ ಜನಕ್ಕೆ ಸಮುದ್ರ ತೋರ್ಸಿದ್ರು", "ಕೈ ಎತ್ತಿ ಕೊಡೋ ಮನುಷ್ಯ" ಎಂದೆಲ್ಲ ಹೇಳಿದರು. ಕಡೆಗೆ ಆ ಹುಡುಗ ನನ್ನ ಹತ್ತಿರ ಬಂದ. ಅವನಿಗೆ ಹಳೆಯದೇನೂ ಗೊತ್ತಿರಲಿಲ್ಲ.

"ಟೀಚರ್ ನೀವು, ಚೆನ್ನಾಗ್ ಮಾತಾಡ್ತೀರ. ಎರಡ್ ಮಾತು."

ಗಂಡ ನನ್ನ ಮೊಣಕೈ ಮುಟ್ಟಿದರು, ಬೇಡ ಎಂಬಂತೆ. ನಾನು ಮೈಕ್ ತೆಗೆದುಕೊಂಡೆ. ಏನು ಹೇಳುತ್ತೇನೆಂದು ನನಗೇ ತಿಳಿದಿರಲಿಲ್ಲ. ಎದುರಿನ ಸಾಲಿನಲ್ಲಿ ಅಕ್ಕ ತಲೆ ತಗ್ಗಿಸಿ ಕೂತಿದ್ದರು. ಅವರನ್ನು ನೋಡಿದ ಮೇಲೆ ಬಾಯಿಗೆ ಬಂದದ್ದು ಕಡಲು.

ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ ಮಂಜು ಕರಗುವ ತನಕ ನೀರಿಗೂ ಆಕಾಶಕ್ಕೂ ಗೆರೆ ಕಾಣುವುದಿಲ್ಲ ಎಂದೆ. ಬೇಸಿಗೆಯ ಸಂಜೆ ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ ಎಂದು ತೆಂಗಿನ ಗರಿಗಳಿಗೆ ನಮಗಿಂತ ಮೊದಲೇ ಗೊತ್ತಾಗುತ್ತದೆ ಎಂದೆ. ಮಳೆಯಲ್ಲಿ ಕಡಲನ್ನು ದೂರದಿಂದ ನೋಡಬೇಕು, ಅಲ್ಲಿ ಹುಟ್ಟಿದವರು ಹಾಗೇ ನೋಡುತ್ತಾರೆ ಎಂದೆ. ಮಳೆ ಬಿಟ್ಟ ಮೇಲೆ ಒಂದು ದಿನ ನೀರು ತಾನಾಗಿ ತಿಳಿಯಾಗುತ್ತದೆ, ಯಾರೂ ಹೇಳಬೇಕಾಗಿಲ್ಲ, ಯಾರೂ ತೋರಿಸಬೇಕಾಗಿಲ್ಲ ಎಂದೆ. ನಮಸ್ಕಾರ ಎಂದು ಮೈಕ್ ಕೊಟ್ಟು ಕೂತೆ.

ಶಾಮಿಯಾನದಲ್ಲಿ ಮೂಗೊರೆಸುವ ಸದ್ದು ಕೇಳಿತು. ಅಳಿಯ ನನ್ನ ಎರಡೂ ಕೈ ಹಿಡಿದುಕೊಂಡ. "ಮಾವನ್ನ ಕಣ್ಮುಂದೆ ತಂದು ನಿಲ್ಲಿಸ್ಬಿಟ್ರಿ ಮೇಡಂ" ಅಂದ.

ಊಟಕ್ಕೆ ಕೂತಾಗ ಅಕ್ಕ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು.

"ಅವರ ವಿಷ್ಯ ಒಂದ್ ಮಾತೂ ಆಡ್ಲಿಲ್ಲ ಅಲ್ವಾ ನೀನು?"

"ಇಲ್ಲ ಅಕ್ಕ."

"ಯಾರಿಗೂ ಗೊತ್ತೇ ಆಗ್ಲಿಲ್ಲ ಕಣೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದು ಹೆಂಗಸರು ಓಡಿಬಂದು ಬೆನ್ನು ಸವರಿದರು, ಯಾರೋ ನೀರು ತಂದರು. ನಗು ನಿಲ್ಲಿಸಲು ಅಕ್ಕ ಆ ನೀರನ್ನು ಗಟಗಟನೆ ಕುಡಿದರು. ಲೋಟ ಇಳಿಸಿದಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.